‘ದಿ ಶೈನಿಂಗ್’ ನಿಜವಾಗಿ ನಡೆದ ಘಟನೆಯಲ್ಲ

ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ಭಯಾನಕ ಕಾದಂಬರಿ ‘ದಿ ಶೈನಿಂಗ್’ ಬಗ್ಗೆ ಒಂದು ಮಾತು ಮತ್ತೆ ಮತ್ತೆ ಹರಿದಾಡುತ್ತಿದೆ. ಅಮೆರಿಕದ ಕೊಲರಾಡೊದ ಸ್ಟ್ಯಾನ್ಲಿ ಹೋಟೆಲಿನ ಕಾವಲುಗಾರ ತಲೆಕೆಟ್ಟು ಹೆಂಡತಿ, ಮಗನ ಮೇಲೆ ಎರಗಿದ್ದನಂತೆ, ಅದೇ ಕಾದಂಬರಿಯಾಯಿತಂತೆ, ಸಿನಿಮಾ ಕೂಡ ಅಲ್ಲೇ ತೆಗೆದರಂತೆ. ಎರಡೂ ತಪ್ಪು.

1974ರ ಅಕ್ಟೋಬರ್ ಕೊನೆಯಲ್ಲಿ ಕಿಂಗ್ ದಂಪತಿ ಅಲ್ಲಿ ತಂಗಿದ್ದು ನಿಜ. ಚಳಿಗಾಲಕ್ಕೆ ಹೋಟೆಲ್ ಬಾಗಿಲು ಹಾಕುವ ಹೊತ್ತು, ಬೇರೆ ಅತಿಥಿಗಳೇ ಇರಲಿಲ್ಲ. ರೂಮ್ ನಂಬರ್ 217. ರಾತ್ರಿ ಕಿಂಗ್‌ಗೆ ಕನಸು ಬಿತ್ತು: ಮೂರು ವರ್ಷದ ಮಗ ಕಿರುಚುತ್ತಾ ಕಾರಿಡಾರಿನಲ್ಲಿ ಓಡುತ್ತಿದ್ದಾನೆ, ಬೆಂಕಿ ಆರಿಸುವ ಪೈಪು ಅವನನ್ನು ಅಟ್ಟಿಸಿಕೊಂಡು ಬರುತ್ತಿದೆ. ಬೆವೆತು ಎದ್ದವರು ಸಿಗರೇಟು ಹಚ್ಚಿ ಕಿಟಕಿ ಪಕ್ಕ ಕೂತರು. ಅದು ಮುಗಿಯುವಷ್ಟರಲ್ಲಿ ಕಥೆಯ ಹಂದರ ತಲೆಯಲ್ಲಿ ಸಿದ್ಧವಾಗಿತ್ತು. ಅಷ್ಟೇ.

ಕಾದಂಬರಿಯೊಳಗಿನ ನಿಜ ಬೇರೆಯೇ ಇದೆ, ಅದು ಇನ್ನೂ ಜಾಸ್ತಿ ಕಾಡುತ್ತದೆ. ಕಥೆಯಲ್ಲಿ ಹೋಟೆಲಿನ ಕಾವಲುಗಾರನಾಗುವ ಜ್ಯಾಕ್ ಕುಡಿತದಿಂದ ಹಾಳಾದ ಲೇಖಕ. ಆಗ ಕಿಂಗ್ ಕೂಡ ವಿಪರೀತ ಕುಡಿಯುತ್ತಿದ್ದರು. ಗೊತ್ತಿಲ್ಲದೆಯೇ ತನ್ನ ಬಗ್ಗೆಯೇ ಬರೆದುಕೊಂಡಿದ್ದೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ತಲೆಕೆಟ್ಟ ಕಾವಲುಗಾರನ ಕಥೆ ಕಟ್ಟಿ ಇದನ್ನು ಮುಚ್ಚಿಹಾಕುವುದು ಪುಸ್ತಕಕ್ಕೆ ಮಾಡುವ ಅನ್ಯಾಯ ಅಲ್ವಾ? 1977ರಲ್ಲಿ ಬಂದ ಇದು, ಗಟ್ಟಿ ರಟ್ಟಿನ ಆವೃತ್ತಿಯಲ್ಲೇ ಬೆಸ್ಟ್‌ಸೆಲ್ಲರ್ ಆದ ಅವರ ಮೊದಲ ಕಾದಂಬರಿ.

ಇನ್ನು ಸಿನಿಮಾ. ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಅದನ್ನು ಹೆಚ್ಚಾಗಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ತೆಗೆದರು. ಹೊರಗಿನಿಂದ ಕಾಣುವ ಕಟ್ಟಡ ಅಮೆರಿಕದ ಒರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್. ಕಿಂಗ್‌ಗೆ ಆ ಸಿನಿಮಾ ಹಿಡಿಸಲಿಲ್ಲ. ಸ್ಟ್ಯಾನ್ಲಿ ಹೋಟೆಲಿನಲ್ಲಿ ಚಿತ್ರೀಕರಣವಾದದ್ದು, ಕಿಂಗ್ ಅವರೇ ಚಿತ್ರಕಥೆ ಬರೆದ 1997ರ ಟಿವಿ ಸರಣಿ.