ಚಿಕ್ಕ ಗನ್ ಸುಲಭ ಅಂತ ನಮ್ಮ ಚಿಕ್ಕಮ್ಮನಿಗೆ ಹೇಳಬೇಡಿ

ಗನ್ ಚಿಕ್ಕದಿದ್ದಷ್ಟೂ ಹೊಡೆಯುವುದು ಸುಲಭ ಅನ್ನುವ ಮಾತು ಸುಳ್ಳು. ಮೊನ್ನೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ಊಟಕ್ಕೆ ಕುಳಿತ ಕಡೆ ಇದನ್ನು ಹೇಳಲು ಹೋದೆ, ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಚಿಕ್ಕಪ್ಪ ಹೋದ ಮೇಲೆ ತೋಟ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ. ಕೆಲಸದವರ ಬಟವಾಡೆ ದಿನ ಬ್ಯಾಂಕಿನಿಂದ ದುಡ್ಡು ತಂದು, ಜೀಪು ಓಡಿಸಿಕೊಂಡು ತೋಟದ ದಾರಿ ಹಿಡಿಯುತ್ತಾರೆ. ಆ ದಾರಿಯಲ್ಲಿ ಮಳೆಗಾಲದಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಹ್ಯಾಂಡ್‌ಗನ್ನಿಗೆ ಲೈಸೆನ್ಸ್ ಹಾಕಿದ್ದಾರೆ, ಸಿಗುವ ಹಂತದಲ್ಲಿದೆ. ಯಾವುದು ತೆಗೆದುಕೊಳ್ಳಲಿ ಅಂತ ಊಟದ ಹೊತ್ತಿನಲ್ಲಿ ಕೇಳಿದರು. ಅಷ್ಟೇ ಸಾಕಾಯಿತು. ಒಬ್ಬರಾದ ಮೇಲೆ ಒಬ್ಬರು ಫೋನ್ ತೆಗೆದು ಫೋಟೋ ತೋರಿಸತೊಡಗಿದರು. ಎಲ್ಲವೂ ಅಂಗೈಯಲ್ಲಿ ಮುಚ್ಚಿಹೋಗುವಂಥವು. "ನಿಮಗೆ ಇದೇ ಸರಿ ಆಂಟಿ, ಬ್ಯಾಗಿನಲ್ಲಿ ಹಿಡಿಸುತ್ತೆ." "ಹೆಂಗಸರಿಗೆ ಅಂತಲೇ ಮಾಡಿದ್ದು ಅತ್ತೆ, ಹಗುರ ಇದೆ."

ಒಬ್ಬರೂ ಅವರ ಕೈ ನೋಡಲಿಲ್ಲ. ಚಿಕ್ಕಮ್ಮನ ಬೆರಳುಗಳಲ್ಲಿ ಗಂಟು ನೋವಿದೆ. ಚಳಿಗಾಲದಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲೂ ನನ್ನನ್ನು ಕರೆಯುತ್ತಾರೆ. ಗನ್ ಆರಿಸಬೇಕಾದದ್ದು ಆ ಕೈಯಿಂದ, ಬ್ಯಾಗಿನ ಅಳತೆಯಿಂದ ಅಲ್ಲ.

ರಿವಾಲ್ವರಿನ ಟ್ರಿಗರನ್ನು ಹ್ಯಾಮರ್ (ಗುಂಡು ಸಿಡಿಸಲು ಹಿಂದಿನಿಂದ ಬಡಿಯುವ ಭಾಗ) ಎತ್ತದೆ ನೇರವಾಗಿ ಎಳೆಯಬೇಕಾದರೆ ಸಾಮಾನ್ಯವಾಗಿ ನಾಲ್ಕೈದು ಕಿಲೋದಷ್ಟು ಬಲ ಬೇಕು. ಗನ್ನಿನ ತೂಕ ಎಷ್ಟು? ಅರ್ಧ ಕಿಲೋ, ಮುಕ್ಕಾಲು ಕಿಲೋ. ಅರ್ಧ ಕಿಲೋ ತೂಕದ ವಸ್ತುವನ್ನು ಗಾಳಿಯಲ್ಲಿ ಹಿಡಿದು, ಅದರ ಮೇಲೆ ಒಂದೇ ಬೆರಳಿನಿಂದ ಅದರ ಹತ್ತು ಪಟ್ಟು ಎಳೆಯಿರಿ. ನಳಿಗೆ ಅಲ್ಲಾಡದೆ ಇರುತ್ತಾ? ಹಗುರ ಆದಷ್ಟೂ ಜಾಸ್ತಿ ಅಲ್ಲಾಡುತ್ತದೆ. ಹಿಡಿ ಗಿಡ್ಡ ಆದಷ್ಟೂ ಕಿರುಬೆರಳಿಗೆ ಜಾಗವೇ ಇರುವುದಿಲ್ಲ, ಹಿಡಿತ ಅರ್ಧಕ್ಕರ್ಧ ಹೋಯಿತು.

ನಾನು ಕಾಲೇಜಿನಲ್ಲಿ ಏರ್ ಪಿಸ್ತೂಲ್ ಹೊಡೆಯುತ್ತಿದ್ದದ್ದು ನಿಮಗೆ ಗೊತ್ತಲ್ಲ. ಆ ಸ್ಪರ್ಧೆಯ ಪಿಸ್ತೂಲಿನಲ್ಲಿ ಟ್ರಿಗರಿಗೆ ಕನಿಷ್ಠ ಐನೂರು ಗ್ರಾಂ ಬಲ ಇದ್ದರೆ ಸಾಕು. ಪಿಸ್ತೂಲಿನ ತೂಕ ಒಂದೂವರೆ ಕಿಲೋವರೆಗೂ ಇರಬಹುದು. ಹೊಡೆದಾಗ ಗನ್ ಹಿಂದಕ್ಕೆ ತಳ್ಳುವ ಒದೆತ ಅನ್ನುವುದು ಇಲ್ಲವೇ ಇಲ್ಲ. ನಿಂತ ಜಾಗ ಸಮತಟ್ಟು, ಎದುರಿಗೆ ಕಾಗದ, ಯಾರೂ ನಮ್ಮ ಮೇಲೆ ಬರುತ್ತಿಲ್ಲ. ಅಷ್ಟೆಲ್ಲ ಅನುಕೂಲ ಇದ್ದೂ ಹತ್ತು ಮೀಟರ್ ದೂರದ ಹನ್ನೊಂದೂವರೆ ಮಿಲಿಮೀಟರ್ ಚುಕ್ಕೆಗೆ ಸತತವಾಗಿ ಹೊಡೆಯಲು ವರ್ಷಗಟ್ಟಲೆ ಬೇಕು. ಅದಕ್ಕಿಂತ ಎಷ್ಟೋ ಪಟ್ಟು ಬಿಗಿ ಇರುವ ಟ್ರಿಗರು, ಮೂರನೇ ಒಂದು ಭಾಗ ತೂಕದ ಗನ್ನು, ಹೆದರಿ ನಡುಗುವ ಕೈ. ಇದನ್ನು ಸುಲಭ ಅನ್ನುತ್ತೀರಲ್ಲ, ನನಗೆ ಸಿಟ್ಟು ಬರದೆ ಇನ್ನೇನಾಗಬೇಕು?

ಇನ್ನೊಂದು ಲೆಕ್ಕ ಹೇಳುತ್ತೇನೆ, ಇದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಗುರಿ ಹಿಡಿಯುವುದು ಗನ್ನಿನ ಮೇಲಿರುವ ಎರಡು ಗುರಿ ಗುರುತುಗಳನ್ನು, ಅಂದರೆ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ಎರಡನ್ನೂ, ಒಂದೇ ಸಾಲಿಗೆ ತಂದು. ಚಿಕ್ಕ ರಿವಾಲ್ವರಿನಲ್ಲಿ ಇವೆರಡರ ನಡುವೆ ಸುಮಾರು ಹತ್ತು ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅದೇ ಸೈಟುಗಳ ನಡುವೆ ಅರವತ್ತು ಸೆಂಟಿಮೀಟರ್ ಇರುವ ರೈಫಲಿನಲ್ಲಿ ಅಷ್ಟೇ ಸರಿದರೆ ಎರಡು ಸೆಂಟಿಮೀಟರೂ ತಪ್ಪುವುದಿಲ್ಲ. ಚಿಕ್ಕ ಗನ್ ಕೈಯ ಸಣ್ಣ ತಪ್ಪನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಪಳಗಿದವರ ಕೈಗೆ ಅದು ಸರಿ. ಹೊಸಬರಿಗೆ ಅದನ್ನೇ ಕೊಡುವುದು ಅನ್ಯಾಯ.

ನಮ್ಮಲ್ಲಿ ಇದು ಯಾಕೆ ಯಾರ ತಲೆಗೂ ಹೋಗುವುದಿಲ್ಲ ಅಂದರೆ, ನಾವೆಲ್ಲ ಕೋವಿ ನೋಡಿಕೊಂಡೇ ಬೆಳೆದವರು. ಕೊಡವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು ಅನ್ನುವ, 1861ರಿಂದ ಬಂದ ವಿನಾಯಿತಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಉಳಿಯಿತು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಮಗು ಹುಟ್ಟಿದರೆ ಗುಂಡು, ಸಾವಾದರೆ ಗುಂಡು, ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಗುಂಡು. ಕೈಲ್ ಮುಹೂರ್ತಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ನನಗೂ ಇದು ಹೆಮ್ಮೆಯೇ. ಆದರೆ ತೆಂಗಿನಕಾಯಿ ಉರುಳಿಸಿದವರೆಲ್ಲ ಹ್ಯಾಂಡ್‌ಗನ್ ಪಂಡಿತರಲ್ಲ. ಕೋವಿಗೆ ಹೆಗಲಿನ ಆಸರೆ ಇದೆ, ಕೆನ್ನೆಯ ಆಸರೆ ಇದೆ, ಎರಡು ಕೈ ದೂರ ದೂರ ಹಿಡಿದಿವೆ. ಚರೆ (ಸಣ್ಣ ಸಣ್ಣ ಗುಂಡುಗಳು) ತುಂಬಿದ ಕಾರ್ಟ್ರಿಜ್ ಆದರೆ ಹರಡಿಕೊಂಡೂ ಹೋಗುತ್ತದೆ. ಹ್ಯಾಂಡ್‌ಗನ್ನಿಗೆ ಆಸರೆ ಅಂದರೆ ಮಣಿಕಟ್ಟು ಮಾತ್ರ. ಅದನ್ನು ಬೇರೆಯಾಗಿಯೇ ಕಲಿಯಬೇಕು, ಮೊದಲಿನಿಂದ.

ಮೊನ್ನೆ ಅತಿ ಹೆಚ್ಚು ಕೇಳಿದ ಹೆಸರು ನಿರ್ಭೀಕ್. 2014ರಲ್ಲಿ ಕಾನ್ಪುರದ ಆರ್ಡನೆನ್ಸ್ ಫ್ಯಾಕ್ಟರಿ ತಂದ .32 ರಿವಾಲ್ವರ್. ದೆಹಲಿಯ ನಿರ್ಭಯಾಳ ನೆನಪಿನಲ್ಲಿ ಹೆಸರಿಟ್ಟು, ಹೆಂಗಸರಿಗೆ ಅಂತ ಹೇಳಿ ಮಾರಿದರು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಮರೂನ್ ಬಣ್ಣದ ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಕೊಡುತ್ತಿದ್ದರು. ಆ ಪೆಟ್ಟಿಗೆ ನೋಡಿದಾಗಲೇ ನನಗೆ ಬೇಜಾರಾಗಿತ್ತು. ಹೆಣ್ಣಿಗೆ ಕೊಡುವಾಗ ಹಗುರ ಮಾಡು, ಚೆಂದ ಮಾಡು. ಅವಳ ಕೈಗೆ ಅದು ಎಷ್ಟು ಒದೆಯುತ್ತದೆ ಅನ್ನುವುದು ಆಮೇಲೆ. .32 ದೊಡ್ಡ ಗುಂಡೇನೂ ಅಲ್ಲ, ಒದೆತವೂ ಹೆಚ್ಚಲ್ಲ, ಒಪ್ಪುತ್ತೇನೆ. ಆದರೆ ಅದೇ ಗುಂಡನ್ನು ಭಾರದ ಗನ್ನಿನಲ್ಲಿ ಹೊಡೆದರೆ ಕೈಗೆ ಇನ್ನೂ ಹಿತ, ಎರಡನೇ ಗುಂಡಿಗೆ ಗುರಿ ಬೇಗ ಸಿಗುತ್ತದೆ. ಚಿಕ್ಕಮ್ಮನಿಗೆ ನಾನು ಮೊದಲು ತೋರಿಸಬೇಕು ಅಂದುಕೊಂಡದ್ದು ಪ್ರಬಲ್. 2023ರಲ್ಲಿ ಬಂದ ರಿವಾಲ್ವರ್, ಇದೂ ಕಾನ್ಪುರದ್ದೇ. ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್, ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಗನ್ನನ್ನು ನಡುವಿನಲ್ಲಿ ಮುರಿದು ತೆರೆಯುವ ಹಳೆಯ ಬಗೆಗಿಂತ ನೋವಿನ ಬೆರಳಿಗೆ ಇದು ವಾಸಿ ಅಂತ ನನ್ನ ಅನಿಸಿಕೆ. ಅದರ ಬಗ್ಗೆ ಹೇಳಿದರೆ ಒಬ್ಬರು ತಕ್ಷಣ "ರೇಂಜ್ ಐವತ್ತು ಮೀಟರ್ ಅಂತೆ" ಅಂದರು. ಐವತ್ತು ಮೀಟರ್ ದೂರದಲ್ಲಿರುವವನಿಂದ ಚಿಕ್ಕಮ್ಮ ಜೀಪು ತಿರುಗಿಸಿಕೊಂಡು ಬರಬೇಕು, ಗುಂಡು ಹೊಡೆಯಬಾರದು. ಇದು ಬೇಕಾಗುವುದಿದ್ದರೆ ಮೂರ್ನಾಲ್ಕು ಮೀಟರಿನಲ್ಲಿ, ಜೀಪಿನ ಬಾಗಿಲಿನಿಂದ ಗೇಟಿನಷ್ಟು ದೂರದಲ್ಲಿ.

ಪಿಸ್ತೂಲು ಬೇಡವಾ ಅಂತ ಕೇಳುತ್ತೀರಿ. ಪಿಸ್ತೂಲು ತೆಳ್ಳಗಿರುತ್ತದೆ, ಬಟ್ಟೆಯೊಳಗೆ ಚೆನ್ನಾಗಿ ಅಡಗುತ್ತದೆ, ನಿಜ. ಆದರೆ ಮೊದಲ ಗುಂಡು ಒಳಗೆ ಹೋಗಲು ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆಯಬೇಕಲ್ಲ. ಪಿಸ್ತೂಲು ಚಿಕ್ಕದಾದಷ್ಟೂ ಅದರ ಸ್ಪ್ರಿಂಗ್ ಸಾಮಾನ್ಯವಾಗಿ ಬಿಗಿ. ಇಲ್ಲೂ ಅದೇ ಮಾತು, ಚಿಕ್ಕದು ಸುಲಭ ಅಲ್ಲ. ಗುಂಡು ಹಾರದೆ ನಿಂತರೆ ಮತ್ತೆ ಸ್ಲೈಡ್ ಎಳೆದು ಸರಿಮಾಡಬೇಕು. ರಿವಾಲ್ವರಿನಲ್ಲಿ ಟ್ರಿಗರನ್ನು ಇನ್ನೊಮ್ಮೆ ಎಳೆದರೆ ಮುಂದಿನ ಗುಂಡು ಬರುತ್ತದೆ. ವಿದೇಶದ ವಿಡಿಯೋ ನೋಡಿ 9 ಎಂಎಂ ಅಂತ ಹೇಳುವ ಹುಡುಗರಿಗೆ ಒಂದೇ ಮಾತು: ಅದು ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆಯ ಅಳತೆ), ಸಾಮಾನ್ಯ ಜನರಿಗೆ ಇಲ್ಲ. ಮತ್ತೆ .32 ರಿವಾಲ್ವರಿನ ಗುಂಡೂ .32 ಪಿಸ್ತೂಲಿನ ಗುಂಡೂ ಒಂದೇ ಅಲ್ಲ. ಎರಡರ ಕಾರ್ಟ್ರಿಜ್ ಬೇರೆ. ಅಂಗಡಿಗೆ ಹೋಗುವ ಮುಂಚೆ ಇಷ್ಟು ತಿಳಿದುಕೊಂಡಿರಿ.

"ಹ್ಯಾಮರ್ ಮೊದಲೇ ಎತ್ತಿಟ್ಟುಕೊಂಡರೆ ಟ್ರಿಗರ್ ಹಗುರ ಆಗುತ್ತಲ್ಲ" ಅಂತ ಬಾವ ಅಂದರು. ಆಗುತ್ತದೆ. ಎತ್ತಿದ ಹ್ಯಾಮರು, ಹಗುರ ಟ್ರಿಗರು, ಹೆದರಿದ ಬೆರಳು. ಎದುರಿಗೆ ಇರುವುದು ಕಳ್ಳನೋ, ಮೀನು ಕೊಡಲು ಬಂದ ಹುಡುಗನೋ ನೋಡುವಷ್ಟರಲ್ಲಿ ಗುಂಡು ಹಾರಿರುತ್ತದೆ. ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ.

ಇನ್ನು ಒಂದು ವಾದ ಇದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ದೊಡ್ಡ ಗನ್ ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಚಿಕ್ಕದಾದರೆ ಜೊತೆಗೆ ಇರುತ್ತದೆ ಅನ್ನುವುದು. ಸರಿ. ಆದರೆ ಭಾರ ತಡೆಯುವುದು ಬೆಲ್ಟು ಮತ್ತು ಅದಕ್ಕೆ ಸಿಕ್ಕಿಸುವ ಗನ್ನಿನ ಚೀಲ, ಅಂದರೆ ಹೋಲ್ಸ್ಟರ್. ಇನ್ನೂರು ಗ್ರಾಂ ಹೆಚ್ಚು ಕಡಿಮೆ ಆದದ್ದು ಒಳ್ಳೆಯ ಬೆಲ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ಚಿಕ್ಕಮ್ಮ ತೋಟಕ್ಕೆ ಹೋಗುವುದು ಪ್ಯಾಂಟು, ಜಾಕೆಟ್ ಹಾಕಿಕೊಂಡು. ಅದರಡಿಯಲ್ಲಿ ಮಧ್ಯಮ ಅಳತೆಯ ರಿವಾಲ್ವರ್ ಚೆನ್ನಾಗಿಯೇ ಮುಚ್ಚಿಕೊಳ್ಳುತ್ತದೆ. ವ್ಯಾನಿಟಿ ಬ್ಯಾಗಿನಲ್ಲಿ ಮಾತ್ರ ಬೇಡವೇ ಬೇಡ. ಕೀಲಿ, ಪೆನ್ನು ಟ್ರಿಗರಿಗೆ ಸಿಕ್ಕಿಕೊಳ್ಳುತ್ತವೆ. ಕಳ್ಳ ಮೊದಲು ಕಿತ್ತುಕೊಳ್ಳುವುದೂ ಆ ಬ್ಯಾಗನ್ನೇ. ಟ್ರಿಗರ್ ಪೂರ್ತಿ ಮುಚ್ಚುವ, ಗಟ್ಟಿಯಾದ ಹೋಲ್ಸ್ಟರ್ ಬೇಕು. ನಮ್ಮ ಮಳೆಗೆ ಚರ್ಮದ್ದು ತೇವ ಹಿಡಿದು ಕೂರುತ್ತದೆ, ಅದರೊಳಗೇ ಇಟ್ಟರೆ ಉಕ್ಕಿಗೆ ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಗೆ ಬಂದ ತಕ್ಷಣ ಹೊರತೆಗೆದು, ಒರೆಸಿ, ಎಣ್ಣೆ ಹಚ್ಚಿ, ಬೀಗದ ಪೆಟ್ಟಿಗೆಯಲ್ಲಿ ಇಡಬೇಕು. ತೋಟದ ಕೆಲಸದವರ ಲೈನ್ ಮನೆಯ ಮಕ್ಕಳು ಚಿಕ್ಕಮ್ಮನ ಅಡುಗೆಮನೆವರೆಗೂ ಓಡಾಡುತ್ತಾರೆ ಅನ್ನುವುದು ನೆನಪಿರಲಿ.

ಆನೆ ಬಂದರೆ ಅಂತಲೂ ಒಬ್ಬರು ಕೇಳಿದರು. .32 ರಿವಾಲ್ವರಿನಿಂದ ಆನೆಯನ್ನು ಕೆಣಕಬಹುದು ಅಷ್ಟೇ. ಆನೆಗೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಾನೂನೂ ಗೊತ್ತಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯ ಬಗ್ಗೆ, ಸುರಕ್ಷಿತವಾಗಿ ಇಡುವ ಬಗ್ಗೆ ಸ್ಪಷ್ಟವಾಗಿ ಹೇಳುತ್ತವೆ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳಲ್ಲಿದೆ. ಅಪಾಯಕ್ಕೆ ಬೇಕಾದಷ್ಟೇ ಬಲ, ಅದಕ್ಕಿಂತ ಹೆಚ್ಚಲ್ಲ. ದುಡ್ಡಿನ ಚೀಲ ಎತ್ತಿಕೊಂಡು ಓಡುವವನ ಬೆನ್ನಿಗೆ ಹೊಡೆದು, ಆಮೇಲೆ ಅದು ಆತ್ಮರಕ್ಷಣೆ ಅಂತ ಕೋರ್ಟಿನಲ್ಲಿ ತೋರಿಸುವುದು ಬಹಳ ಕಷ್ಟ. ಬಟವಾಡೆ ಆದಷ್ಟೂ ಬ್ಯಾಂಕ್ ಖಾತೆಗೇ ಹಾಕಿ ಅಂತ ಚಿಕ್ಕಮ್ಮನಿಗೆ ನಾನು ಮೊದಲಿನಿಂದ ಹೇಳುತ್ತಾ ಬಂದಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈಗ ಹಾಗೇ ಹೋಗುತ್ತಿದೆ. ಹೊರಗಿನಿಂದ ಬಂದು ಕೆಲವೇ ವಾರ ಇರುವವರು ನಗದೇ ಕೇಳುತ್ತಾರೆ.

ನಿಜ ಹೇಳಬೇಕೆಂದರೆ ಅವರ ಕೈಯಲ್ಲಿ ಗನ್ ನೋಡುವ ಮನಸ್ಸೇ ನನಗಿಲ್ಲ. ಬಟವಾಡೆ ದಿನ ಅವರು ಮನೆ ತಲುಪಿದೆ ಅಂತ ಫೋನ್ ಮಾಡುವವರೆಗೆ ನನಗೆ ಯಾವ ಕೆಲಸವೂ ಹತ್ತುವುದಿಲ್ಲ. ಆದರೆ ತೋಟ ಬಿಟ್ಟು ಬರುವುದಿಲ್ಲ ಅಂತ ಅವರು ಹೇಳಿಯಾಗಿದೆ, ಅದು ಅವರ ಹಕ್ಕು. ಒಬ್ಬ ಹೆಂಗಸು ಯೋಚಿಸಿ, ಅರ್ಜಿ ಹಾಕಿ, ಪೊಲೀಸ್ ವಿಚಾರಣೆ ಎಲ್ಲ ಮುಗಿಸಿ ಬಂದು ಸಲಹೆ ಕೇಳಿದಾಗ, ಅವಳ ಜೀವಕ್ಕೆ ಸಂಬಂಧಪಟ್ಟ ವಸ್ತುವನ್ನು ಫೋಟೋ ನೋಡಿ ಆರಿಸಿಬಿಡುತ್ತೀರಲ್ಲ. ನನ್ನನ್ನು ಸುಡುತ್ತಿರುವುದು ಅದು.

ಈಗ ನಿಮ್ಮಿಂದ ಬೇಕಾದದ್ದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ, ಕೊಳ್ಳುವ ಮುಂಚೆ ಖಾಲಿ ರಿವಾಲ್ವರನ್ನು ಕೈಗೆ ಕೊಟ್ಟು, ಟ್ರಿಗರ್ ಎಳೆದು ನೋಡಲು ಬಿಡುವ ಲೈಸೆನ್ಸ್ ಇರುವ ಅಂಗಡಿ ಗೊತ್ತಿದ್ದರೆ ತಿಳಿಸಿ. ಹೆಂಗಸರಿಗೆ ತಾಳ್ಮೆಯಿಂದ ಹ್ಯಾಂಡ್‌ಗನ್ ಕಲಿಸುವ ಕೋಚ್ ಯಾರಾದರೂ ಗೊತ್ತಿದ್ದರೆ ಅದನ್ನೂ ತಿಳಿಸಿ. ಚಿಕ್ಕಮ್ಮನ ಜೊತೆ ನಾನೇ ಹೋಗುತ್ತೇನೆ. ಯಾವ ಗನ್ನಿನ ಟ್ರಿಗರನ್ನು ಅವರು ಆ ನೋವಿನ ಬೆರಳಿನಿಂದ, ನಳಿಗೆ ಅಲ್ಲಾಡದಂತೆ, ಮತ್ತೆ ಮತ್ತೆ ಎಳೆಯಬಲ್ಲರೋ ಅದನ್ನೇ ತರುತ್ತೇವೆ. ಫೋಟೋಗಳನ್ನು ಮಾತ್ರ ಇನ್ನು ಕಳಿಸಬೇಡಿ.