ಮಕ್ಕಳಿಗೆ ಮೈಕ್ ಕೊಟ್ಟದ್ದು ಸಾಕು, ಈಗ ವಹಿ ಕೊಡ್ರಿ

ಏಪ್ರಿಲ್ ಬಂತೆಂದರೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಕಲಬುರಗಿ ವಿಭಾಗದ ಜೊತೆ ನಮ್ಮ ಎರಡು ಜಿಲ್ಲೆಗಳನ್ನೂ ಸೇರಿಸಿ ಆದೇಶ ಹೊರಡುವುದು ಹಳೆಯ ರೂಢಿ. ಬ್ಯಾಸಗಿಗೆ ತಕ್ಕಂತೆ ಆಡಳಿತ ತನ್ನ ವೇಳೆ ಬದಲಿಸಿಕೊಳ್ಳುವ ಇದಕ್ಕೇ ದಿಲ್ಲಿಯ ಕಾಗದಗಳಲ್ಲಿ ‘ಹವಾಮಾನ ಹೊಂದಾಣಿಕೆ’ ಅನ್ನುತ್ತಾರೆ. ದೊಡ್ಡವರಿಗೆ ಇಷ್ಟು ಸಲೀಸಾಗಿ ಆಗುವ ಕೆಲಸ, ಮಾರ್ಚ್‌ನಲ್ಲಿ ತಗಡಿನ ಖೋಲಿಯೊಳಗೆ ಕೂತು ಪರೀಕ್ಷೆ ಬರೆಯುವ ಮಕ್ಕಳ ವಿಷಯದಲ್ಲಿ ಯಾಕೆ ಆಗುವುದಿಲ್ಲ? ಆ ಖೋಲಿಯೊಳಗೆ ಮಧ್ಯಾಹ್ನ ಒಂದಕ್ಕೆ ಎಷ್ಟು ಡಿಗ್ರಿ ಇರುತ್ತದೆ ಅಂತ ಬರೆದಿಟ್ಟ ಸಾಲಿಗಳು ಸಿಗುವುದು ಕಷ್ಟ. ಬರೆದಿಡದ್ದು ಯಾವ ಯೋಜನೆಯೊಳಗೂ ಹೋಗುವುದಿಲ್ಲ.

ಹವಾಮಾನದ ಯೋಜನೆ ಮಾಡುವಾಗ ಮಕ್ಕಳ ಮಾತೂ ಕೇಳಬೇಕು ಅನ್ನುವುದಕ್ಕೆ ಕಾಗದದ ಮೇಲೆ ಏನೂ ಕಡಿಮೆ ಇಲ್ಲ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ತಮಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತಿಗೆ ತೂಕ ಇರಬೇಕು ಅನ್ನುವುದು ಅದರ 12ನೇ ವಿಧಿ. ಹವಾಮಾನದ ಕುರಿತ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಮಕ್ಕಳ ಹಕ್ಕಿನ ಮಾತಿದೆ. ಯುನಿಸೆಫ್ 2021ರಲ್ಲಿ ಹೊರತಂದ ಮಕ್ಕಳ ಹವಾಮಾನ ಅಪಾಯ ಸೂಚ್ಯಂಕದಲ್ಲಿ ನಮ್ಮ ದೇಶ 26ನೇ ಸ್ಥಾನದಲ್ಲಿತ್ತು, ಅಂದರೆ ಅತಿ ಹೆಚ್ಚು ಅಪಾಯದ ಗುಂಪಿನಲ್ಲೇ. ಉತ್ತರಾಖಂಡದ ರಿಧಿಮಾ ಪಾಂಡೆ 2017ರಲ್ಲಿ, ಒಂಬತ್ತು ವರ್ಷದ ಹುಡುಗಿ, ಹವಾಮಾನದ ವಿಷಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಅರ್ಜಿ ಹಾಕಿದಳು. 2019ರಲ್ಲಿ ಅದು ವಜಾ ಆಯಿತು. ಮಗು ಬಾಗಿಲು ಬಡಿದದ್ದು ಗೊತ್ತಾಗುತ್ತದೆ, ಒಳಗೆ ಬಂದು ಕೂತದ್ದು ಕಾಣುವುದಿಲ್ಲ.

ಆರಿಸಿದ ಹತ್ತು ಮಕ್ಕಳನ್ನು ದಿಲ್ಲಿಗೆ ಕಳಿಸಿ ಇಂಗ್ಲಿಷ್ ಭಾಷಣ ಮಾಡಿಸುವುದು ಒಂದು ದಾರಿ. ಅದರಿಂದ ಫೋಟೊ ಬರುತ್ತದೆ, ದಸ್ತಾವೇಜಿನ ಒಂದು ಸಾಲೂ ಬದಲಾಗುವುದಿಲ್ಲ. ಇನ್ನೊಂದು ದಾರಿ ನಮ್ಮ ಹತ್ತಿರವೇ ಇದೆ, ಮಕ್ಕಳ ಗ್ರಾಮ ಸಭೆ. ಪ್ರತಿ ಪಂಚಾಯತಿಯೂ ಅದನ್ನು ನಡೆಸಬೇಕು ಅಂತ ಕರ್ನಾಟಕ ಸರ್ಕಾರ 2006ರಲ್ಲೇ ಹೇಳಿದೆ. ಸಭೆಗಳು ನಡೆಯುತ್ತವೆ ಕೂಡ. ಹಾರ-ತುರಾಯಿ, ಸ್ವಾಗತ, ಮುಖ್ಯ ಅತಿಥಿಗಳ ಎರಡು ಮಾತು ಅಂತ ಮುಕ್ಕಾಲು ತಾಸು. ಕೊನೆಗೆ ಜಾಣ ಹುಡುಗ ಒಬ್ಬ ಎದ್ದು, ಮಾಸ್ತರು ಬರೆದುಕೊಟ್ಟ ಪ್ರಶ್ನೆ ಓದುತ್ತಾನೆ. ‘ಪರಿಶೀಲಿಸಲಾಗುವುದು’ ಅಂತ ನಡಾವಳಿ ಬರೆದು ಮುಗಿಸುತ್ತಾರೆ.

ಇಲ್ಲಿ ಕೆಡುವುದು ಮೊದಲು ತಾರೀಖಿನಲ್ಲಿ. ಪಂಚಾಯತಿ ಅಭಿವೃದ್ಧಿ ಯೋಜನೆಯ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗಿ ಜನವರಿಗೆ ಮುಗಿಯುತ್ತದೆ. ಮಕ್ಕಳ ಸಭೆ ಮಾತ್ರ ನವೆಂಬರ್ 14ರ ಆಸುಪಾಸು, ಕೆಲವು ಕಡೆ ಅದಕ್ಕಿಂತಲೂ ತಡ. ಅಷ್ಟೊತ್ತಿಗೆ ಎಷ್ಟೋ ಕಡೆ ದೊಡ್ಡವರ ಸಭೆಯಲ್ಲಿ ಯೋಜನೆಗೆ ಠರಾವು ಆಗಿರುತ್ತದೆ. ಆಮೇಲೆ ಮಕ್ಕಳನ್ನು ಕೂರಿಸಿ ಏನು ಬೇಕು ಅಂತ ಕೇಳುವುದು, ಊಟ ಮುಗಿದ ಮೇಲೆ ಎಷ್ಟು ರೊಟ್ಟಿ ಬಡೀಲಿ ಅಂತ ಕೇಳಿದ ಹಾಗೆ.

ಅದಕ್ಕಿಂತ ದೊಡ್ಡ ಪೆಟ್ಟು ಗುಳೆ ಹೋಗುವ ಮಕ್ಕಳಿಗೆ. ಕಬ್ಬಿನ ಹಂಗಾಮು ಅಕ್ಟೋಬರ್-ನವೆಂಬರ್‌ಗೆ ಶುರು. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಮಕ್ಕಳು ಮರಿ ಕಟ್ಟಿಕೊಂಡು ಹೊರಟುಹೋಗಿರುತ್ತವೆ. ಊರಿನ ಸಭೆ ಹೊತ್ತಿಗೆ ಆ ಮಕ್ಕಳು ಊರಲ್ಲಿಲ್ಲ, ಇರುವ ಊರಿನ ಪಟ್ಟಿಯಲ್ಲೂ ಇಲ್ಲ. ಬರದ ಹೊಡೆತ ಎಲ್ಲರಿಗಿಂತ ಮೊದಲು ತಿಂದವರ ಮಾತೇ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ತಾಂಡಾ ಇರುವ ಪಂಚಾಯತಿಗಳಲ್ಲಿ ಮಕ್ಕಳ ಸಭೆ ಸೆಪ್ಟೆಂಬರ್‌ನಲ್ಲಿ, ದಸರಾ ಸೂಟಿಗೆ ಮೊದಲೇ ಆಗಬೇಕು. ಸಕ್ಕರೆ ಕಾರ್ಖಾನೆ ಇರುವ ಕಡೆ ಡಿಸೆಂಬರ್‌ನಲ್ಲಿ ಗುಡಿಸಲುಗಳ ಹತ್ತಿರವೇ ಇನ್ನೊಂದು ಸಣ್ಣ ಸಭೆ, ಸಂಜೆ, ದಿನದ ಕೆಲಸ ಮುಗಿದ ಮೇಲೆ.

ಇನ್ನು ವಹಿಯ, ಅಂದರೆ ಮಕ್ಕಳು ಅಳತೆ ಬರೆದಿಡುವ ನೋಟ್‌ಬುಕ್ಕಿನ ವಿಷಯ. ‘ಬಿಸಿಲು ಜಾಸ್ತಿ ಅದ’ ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಕ್ಕು ಸುಮ್ಮನಾಗುತ್ತಾರೆ. ಅಳತೆ ಇಟ್ಟರೆ ಸುಮ್ಮನಾಗಲು ಬರುವುದಿಲ್ಲ. ಮೂರು ಸಾದಾ ಥರ್ಮಾಮೀಟರ್ ಸಾಕು. ಒಂದು ತಗಡಿನ ಖೋಲಿಯಲ್ಲಿ, ಒಂದು ಆರ್‌ಸಿಸಿ ಖೋಲಿಯಲ್ಲಿ, ಒಂದು ಹೊರಗೆ ಬೇವಿನ ನೆರಳಲ್ಲಿ. 11ಕ್ಕೆ, 1ಕ್ಕೆ, 3ಕ್ಕೆ ಅಂತ ದಿನಕ್ಕೆ ಮೂರು ಸಲ, ಮಾರ್ಚ್‌ನ ಹತ್ತು ಸಾಲಿ ದಿನ. ಒಟ್ಟು 90 ಅಂಕಿ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರೆ ಅದು ಗೋಡೆಯ ಬಿಸಿ ಹೇಳುತ್ತದೆ, ಗಾಳಿಯದ್ದಲ್ಲ. ಖೋಲಿಯ ನಡುವೆ, ಕೂತ ಮಗುವಿನ ತಲೆಯ ಎತ್ತರಕ್ಕೆ, ದಾರದಿಂದ ಇಳಿಬಿಡಬೇಕು. ಜಾಗ ಬದಲಿಸಿದರೆ ಹತ್ತು ನಿಮಿಷ ಬಿಟ್ಟು ಓದಬೇಕು, ಥರ್ಮಾಮೀಟರಿನ ತುದಿಯ ಬುರುಡೆ ಮುಟ್ಟಬಾರದು, ಕಣ್ಣು ಗೆರೆಯ ಸಮಕ್ಕೇ ಇರಬೇಕು. ಹತ್ತು ದಿನವೂ 40, 40, 40 ಅಂತ ದುಂಡಗೆ ಬಂದಿದ್ದರೆ ಅದು ಮಾಸ್ತರು ಕೊನೆಯ ದಿನ ಕೂತು ತುಂಬಿದ್ದು ಅಂತ ತಿಳಿಯಿರಿ. ಆ ವಹಿ ಬೇಡ.

ಹೊಳೆದಂಡೆಯ ಊರುಗಳಿಗೆ ಬೇರೆ ಅಳತೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿ ಬಂದಾಗ ಎಷ್ಟೋ ಸಾಲಿಗಳೇ ಸಂತ್ರಸ್ತರಿಗೆ ಆಸರೆ ಆದವು. ಆಗಬಾರದಿತ್ತು ಅಂತಲ್ಲ. ಆದರೆ ಸಾಲಿ ಕಾಳಜಿ ಕೇಂದ್ರ ಆದ ತಾರೀಖು, ಪಾಠ ಮತ್ತೆ ಶುರುವಾದ ತಾರೀಖು, ಕೊಚ್ಚಿಹೋದ ಪುಸ್ತಕ ಮತ್ತೆ ಕೈಗೆ ಬಂದ ತಾರೀಖು ಇವು ಮೂರನ್ನೂ ಮಕ್ಕಳು ಬರೆದಿಡಬೇಕು. ಹಾಜರಿ ಪುಸ್ತಕದಲ್ಲಿ ಅರ್ಧ ಮಾಹಿತಿ ಸಿಗುತ್ತದೆ. ಮುಂದಿನ ಕಾಳಜಿ ಕೇಂದ್ರಕ್ಕೆ ಸಮುದಾಯ ಭವನ ಬೇಕೋ, ಸಾಲಿಯೇ ಸಾಕೋ ಅನ್ನುವ ಚರ್ಚೆ ಆಗ ಅಂಕಿಯ ಮೇಲೆ ನಡೆಯುತ್ತದೆ.

ದುಡ್ಡಿನ ಮಾತಿಗೆ ಬಂದರೆ ‘ಅನುದಾನ ಇಲ್ಲ’ ಅನ್ನುವುದು ಉತ್ತರವಲ್ಲ. ಯಾವ ಲೆಕ್ಕದಲ್ಲಿ ಇಲ್ಲ ಅಂತ ಕೇಳಲು ಎಂಟನೇ ಇಯತ್ತೆಯ ಮಕ್ಕಳಿಗೆ ಕಲಿಸಬೇಕು. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿತ್ತು, ಉಳಿದ ಶೇ 40 ಪಂಚಾಯತಿಯ ಇತರ ಅಗತ್ಯಗಳಿಗೆ. ಆ ಲೆಕ್ಕದಲ್ಲಿ ಸಾಲಿಯ ನೀರಿನ ಟಾಕಿ ಕೇಳಿದರೆ ಮೊದಲನೆಯದು, ತಗಡಿಗೆ ಬಿಸಿಲು ತಿರುಗಿಸುವ ಬಿಳಿ ಬಣ್ಣ ಕೇಳಿದರೆ ಎರಡನೆಯದು. (ತಗಡಿಗೆ ಸುಣ್ಣ ಹಚ್ಚಿ ಕೈತೊಳೆದುಕೊಳ್ಳಬೇಡಿ. ಅದು ಹಿಡಿಯುವುದಿಲ್ಲ, ಒಂದೇ ಮಳೆಗೆ ಹೋಗುತ್ತದೆ. ಸುಣ್ಣ ಆರ್‌ಸಿಸಿ ಮಾಳಿಗೆಗೆ.)

ಹತ್ತು ವರ್ಷದ ಮಗುವಿಗೆ ದೇಶದ ಇಂಗಾಲದ ಗುರಿ ಕೇಳುವುದು ಹುಚ್ಚುತನ. ಅದು ಕಾಲೇಜಿನವರ ಕೆಲಸ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು), ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಇವೆ. ಅಲ್ಲಿಯ ಹುಡುಗ ಹುಡುಗಿಯರು ಪ್ಯಾರಿಸ್ ಒಪ್ಪಂದದಡಿ ಭಾರತ 2022ರ ಆಗಸ್ಟ್‌ನಲ್ಲಿ ಕೊಟ್ಟ ವಾಗ್ದಾನವನ್ನು ಓದಿ ಕನ್ನಡದಲ್ಲಿ ಎರಡು ಪುಟ ಬರೆಯಲಿ. 2030ರೊಳಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಇಂಗಾಲವನ್ನು 2005ಕ್ಕಿಂತ ಶೇ 45 ಇಳಿಸುವುದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಶೇ 50 ಕಲ್ಲಿದ್ದಲು-ತೈಲ-ಅನಿಲ ಬಿಟ್ಟು ಬೇರೆ ಮೂಲದ್ದಾಗಿರುವುದು. ಎರಡನೆಯದನ್ನು 2025ರಲ್ಲೇ ಮುಟ್ಟಿದೆವು ಅಂತ ಸರ್ಕಾರ ಹೇಳಿತು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೋಲಾರ್ ರಾತ್ರಿ ಮಲಗುತ್ತದೆ, ವಿಜಯಪುರ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಮಲಗಬೇಕಿಲ್ಲ. ಈ ವ್ಯತ್ಯಾಸ ಹಿಡಿದು ಪ್ರಶ್ನೆ ಕೇಳುವ ಇಪ್ಪತ್ತರ ಹುಡುಗಿ, ಜೂನ್ 5ಕ್ಕೆ ಸಸಿ ನೆಟ್ಟು ಸೆಲ್ಫಿ ಹಾಕುವ ನೂರು ಜನಕ್ಕೆ ಸಮ. ಆ ಸಸಿ ಹೆಂಗೂ ಮುಂದಿನ ಬ್ಯಾಸಗಿ ಸೂಟಿಯಲ್ಲಿ ನೀರಿಲ್ಲದೆ ಒಣಗುತ್ತದೆ.

ಒಂದು ಎಚ್ಚರಿಕೆ. ಮಗು ಉಸುಕಿನ ದಂಧೆಯ ಬಗ್ಗೆಯೋ ಸದಸ್ಯರ ಬೋರ್‌ವೆಲ್ ಬಗ್ಗೆಯೋ ಮಾತಾಡಿದರೆ ಮರುದಿನ ಅಪ್ಪನ ಕೂಲಿಗೆ ಕುತ್ತು ಬರಬಹುದು. ಆದ್ದರಿಂದ ನಡಾವಳಿಯಲ್ಲಿ ಮಗುವಿನ ಹೆಸರು ಬೇಡ, ‘ಪ್ರಶ್ನೆ 7’ ಅಂತಿರಲಿ. ಹೇಳಲು ಅಂಜುವವರಿಗೆ ಒಂದು ವಾರ ಮೊದಲೇ ಚೀಟಿ ಪೆಟ್ಟಿಗೆ ಇಡಿ. ಬೀಗದ ಕೈ ಸಾಲಿಯವರ ಹತ್ತಿರವೂ ಪಂಚಾಯತಿಯ ಸದಸ್ಯರು, ಪಿಡಿಒ ಹತ್ತಿರವೂ ಬೇಡ, ಅರಿವು ಕೇಂದ್ರದ (ಊರಿನ ಗ್ರಂಥಾಲಯದ) ಮೇಲ್ವಿಚಾರಕರ ಹತ್ತಿರ ಇರಲಿ. ವೀಡಿಯೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು.

ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲಂಡಿ 2007ರಲ್ಲಿ ಮಕ್ಕಳ ಪಾಲುದಾರಿಕೆಗೆ ನಾಲ್ಕು ಅಂಶ ಹೇಳಿದರು: ಜಾಗ, ದನಿ, ಕೇಳುವವರು, ಪರಿಣಾಮ. ನಾವು ಮೊದಲ ಎರಡಕ್ಕೇ ಶಾಮಿಯಾನ ಹಾಕುತ್ತೇವೆ. ಕೊನೆಯ ಎರಡಕ್ಕೆ ಬೇಕಾದದ್ದು ಒಂದೇ ಹಾಳೆ, ನಾಲ್ಕು ಕಾಲಮು: ಪ್ರಶ್ನೆ, ಒಪ್ಪಿದರೆ ಯಾವ ಲೆಕ್ಕ ಮತ್ತು ಎಷ್ಟು ರೂಪಾಯಿ, ಒಪ್ಪದಿದ್ದರೆ ಕಾರಣ, ಜವಾಬ್ದಾರರ ಹುದ್ದೆ. ಸಭೆಯಾದ 30 ದಿನದೊಳಗೆ ಅದನ್ನು ಸಾಲಿಯ ಫಲಕಕ್ಕೆ ಅಂಟಿಸಬೇಕು. ಒಂದು ಪ್ರತಿ ತಾಲೂಕು ಪಂಚಾಯತಿಗೆ, ಒಂದು ಜಿಲ್ಲಾ ಪಂಚಾಯತಿಗೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರು ಜಿಲ್ಲೆಗಳ ಇಂಥ ಹಾಳೆಗಳು, ಆ 90 ಅಂಕಿಗಳ ಸಮೇತ, ರಾಜ್ಯದ ಹವಾಮಾನ ಕ್ರಿಯಾ ಯೋಜನೆ ಪರಿಷ್ಕರಿಸುವವರ ಮೇಜಿಗೆ ಹೋದರೆ ಅಲ್ಲಿಂದ ದಿಲ್ಲಿಗೆ ಒಂದೇ ಮೆಟ್ಟಿಲು. ಮುಂದಿನ ಮಾರ್ಚ್‌ಗೆ ಅದೇ ಖೋಲಿಯಲ್ಲಿ, ಅದೇ ದಾರಕ್ಕೆ, ಅದೇ ಥರ್ಮಾಮೀಟರ್ ಮತ್ತೆ ಕಟ್ಟಿರಿ.