ಟ್ಯಾಂಕಿನ ಹಾಲು ನೆಗೆಟಿವ್ ಬಂದರೂ ಹಸು ಕೆಮ್ಮುತ್ತಿದ್ದರೆ

ಬೇಸಿಗೆಯ ಕೊನೆಗೆ ಐರ್ಲೆಂಡಿನ ಹುಲ್ಲುಗಾವಲುಗಳಲ್ಲಿ ಹಸುಗಳ ಕೆಮ್ಮು ಶುರುವಾಗುತ್ತದೆ. ಇಲ್ಲಿ ಪಶುವೈದ್ಯೆಯಾಗಿರುವ ನನಗೆ ಆಗ ಆತಂಕ ತರುವುದು ರೈತರ ಒಂದೇ ಮಾತು: "ಟ್ಯಾಂಕಿನ ಹಾಲು ನೆಗೆಟಿವ್ ಬಂದಿದೆ ಡಾಕ್ಟ್ರೇ, ಶ್ವಾಸಕೋಶದ ಹುಳ ಇಲ್ಲ."

ಟ್ಯಾಂಕೆಂದರೆ ಹಿಂಡಿನ ಎಲ್ಲ ಹಸುಗಳ ಹಾಲು ಒಟ್ಟಿಗೆ ಸೇರುವ ತೊಟ್ಟಿ. ಆ ಹಾಲಿನ ಪರೀಕ್ಷೆ ಹುಳವನ್ನು ಹುಡುಕುವುದೇ ಇಲ್ಲ. ಡಿಕ್ಟಿಯೋಕಾಲಸ್ ವಿವಿಪ್ಯಾರಸ್ ಎಂಬ ಈ ಹುಳದ ವಿರುದ್ಧ ಹಸುವಿನ ದೇಹ ತಯಾರಿಸಿದ ಪ್ರತಿಕಾಯಗಳು ಹಾಲಿನಲ್ಲಿವೆಯೇ ಎಂದು ಎಲೈಸಾ ಎಂಬ ಈ ಪ್ರಯೋಗಾಲಯ ಪರೀಕ್ಷೆ ನೋಡುತ್ತದೆ. ಸೋಂಕು ತಗುಲಿ ಅವು ಹಾಲಿಗೆ ಬರಲು ಸುಮಾರು ಒಂದು ತಿಂಗಳು ಬೇಕು. ಕೆಮ್ಮು ಅದಕ್ಕೂ ಮೊದಲೇ ಬರಬಹುದು. ನೂರು ಹಸುಗಳ ಹಾಲು ಬೆರೆತಾಗ ಹತ್ತು ಹಸುಗಳ ಪ್ರತಿಕಾಯ ತೆಳುವಾಗಿ ಕಣ್ಮರೆಯಾಗಬಹುದು. ಹಿಂಡಿನ ದೊಡ್ಡ ಪಾಲಿಗೆ ಸೋಂಕು ಹರಡಿದ ಮೇಲಷ್ಟೇ ಟ್ಯಾಂಕು ಪಾಸಿಟಿವ್ ಎನ್ನುತ್ತದೆ. ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವ ಕರು, ಕಡಸುಗಳ ಹಾಲಂತೂ ಆ ಟ್ಯಾಂಕಿನಲ್ಲಿ ಇರುವುದೇ ಇಲ್ಲ!

ಹಾಗೆಂದು ಈ ಪರೀಕ್ಷೆ ಬೇಡ ಎನ್ನುತ್ತಿಲ್ಲ. ಮೇಯುವ ಕಾಲದುದ್ದಕ್ಕೂ ಮತ್ತೆ ಮತ್ತೆ ಮಾಡಿಸಿದರೆ ಹಿಂಡಿನಲ್ಲಿ ಸೋಂಕು ಏರುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ, ಹಸುವಿಗೆ ಸೂಜಿಯ ನೋವಿಲ್ಲದ ದಾರಿ ಕಡಿಮೆ. ನನ್ನ ತಕರಾರು ಒಂದು ನೆಗೆಟಿವ್ ಕಾಗದ ಹಿಡಿದು ಕೆಮ್ಮನ್ನು ಕಡೆಗಣಿಸುವುದರ ಬಗ್ಗೆ. ಕೆಮ್ಮುವ ಹಸುಗಳ ಹಾಗೂ ಚೊಚ್ಚಲು ಹಸುಗಳ ಹಾಲನ್ನು ಬೇರೆ ಬೇರೆ ಬಾಟಲಿಯಲ್ಲಿ ಕಳಿಸಿ. ಕರುಗಳ ತಾಜಾ ಸಗಣಿಯಲ್ಲಿ ಮರಿಹುಳ ಹುಡುಕಿಸಿ. ಅದೂ ನೆಗೆಟಿವ್ ಬಂದರೆ ನಿರಾಳವಾಗಬೇಡಿ: ನುಂಗಿದ ಮರಿ ಶ್ವಾಸನಾಳದಲ್ಲಿ ಬೆಳೆದು ತಾನೇ ಮರಿ ಹಾಕಲು ಮೂರ್ನಾಲ್ಕು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಶ್ವಾಸಕೋಶ ಹಾಳಾಗಿರಬಹುದು.

ಕರುವಾಗಿದ್ದಾಗ ದೀರ್ಘಕಾಲ ಕೆಲಸ ಮಾಡುವ ಜಂತುನಾಶಕ ಪದೇ ಪದೇ ಕೊಟ್ಟ ಹಿಂಡುಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹುಳದ ಪರಿಚಯವೇ ಆಗದೆ ಬೆಳೆದ ಹಸುವಿಗೆ ಅದರ ವಿರುದ್ಧ ರೋಗನಿರೋಧಕ ಶಕ್ತಿ ಬರುವುದಿಲ್ಲ. ಹಾಲು ಕೊಡುವ ವಯಸ್ಸಿನಲ್ಲಿ ಸೋಂಕು ತಗುಲಿದರೆ ಅದು ಕಾಯಿಲೆ ಬಿದ್ದು ಮಲಗಿಬಿಡಬಹುದು.

ಊರಿನ ಗೆಳೆಯರು ಕೇಳುತ್ತಾರೆ, ನಮ್ಮ ಹಳ್ಳಿ ಡೈರಿಯ ಹಾಲಿಗೂ ಇಂಥ ಟೆಸ್ಟ್ ಮಾಡಬಹುದಾ ಎಂದು. ಅಲ್ಲಿ ಹಾಲು ತಂಪಾಗಿಡುವ ಒಂದೇ ಕೂಲರಿಗೆ ಹತ್ತಾರು ಮನೆಗಳ ಒಂದೆರಡು ಹಸುಗಳ ಹಾಲು ಬೀಳುತ್ತದೆ. ಪಾಸಿಟಿವ್ ಬಂದರೂ ಯಾರ ಕೊಟ್ಟಿಗೆಗೆ ಹೋಗುವುದು? ಅಲ್ಲಿ ಹಸುವಿನಿಂದಲೇ, ಒಂದೊಂದಾಗಿ ಮಾದರಿ ತೆಗೆಯಬೇಕು.